ಗಡ್ಡೆಯೊಳಗೆ ಕಾದು ಕೂರುವ ಕೇಪ್‌ಟೌನಿನ ಹೂಗಳು

ಕೇಪ್‌ಟೌನಿನಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಸುರಿಯುತ್ತದೆ. ಡಿಸೆಂಬರ್ ಬಂತೆಂದರೆ ಸುಡು ಬಿಸಿಲು, ಆಗ್ನೇಯದಿಂದ ಬೀಸುವ ಹುಚ್ಚು ಗಾಳಿ, ಆಗೊಮ್ಮೆ ಈಗೊಮ್ಮೆ ಗುಡ್ಡಕ್ಕೆ ಬೆಂಕಿ. ಮುಂಗಾರನ್ನು ನಂಬಿ ಬೆಳೆದವರಿಗೆ ಈ ಪಂಚಾಂಗ ಬೇಗ ಒಗ್ಗುವುದಿಲ್ಲ. ಇಲ್ಲಿನ ಗಡ್ಡೆಗಿಡಗಳಂತೂ ಇದಕ್ಕೆ ತಕ್ಕಂತೆಯೇ ಬದುಕು ಕಟ್ಟಿಕೊಂಡಿವೆ.

ಮಾರ್ಚ್‌ನಲ್ಲಿ ರಸ್ತೆ ಬದಿಯ ಒಣನೆಲದಿಂದ ನೇರಳೆಗೆಂಪು ದಂಟೊಂದು ಏಳುತ್ತದೆ. ಸುತ್ತ ಒಂದು ಎಲೆಯೂ ಇರುವುದಿಲ್ಲ. ತುದಿಯಲ್ಲಿ ತುತ್ತೂರಿಯಂಥ ಗುಲಾಬಿ ಹೂಗಳ ಗೊಂಚಲು, ಬಳಿ ಹೋದರೆ ಸಿಹಿಯಾದ ಪರಿಮಳ. ಇದು ಅಮರಿಲಿಸ್ ಬೆಲ್ಲಡೋನಾ. ಇಲ್ಲಿಯವರ ಮಾರ್ಚ್ ಲಿಲಿ. ಹೂವು ಬಾಡಿದ ಮೇಲೆ, ಮಳೆಯ ಜೊತೆಗೆ ಎಲೆ ಬರುತ್ತದೆ. ಚಳಿಗಾಲವಿಡೀ ಎಲೆ ದುಡಿದು ಗಡ್ಡೆ ತುಂಬುತ್ತದೆ, ಬೇಸಿಗೆಗೆ ಒಣಗಿ ಮಾಯವಾಗುತ್ತದೆ. ಬೀಜವೂ ಅವಸರದ್ದು: ಮೆತ್ತನೆಯ ರಸಭರಿತ ಮಣಿ, ಬಿದ್ದ ಕೆಲವೇ ದಿನಗಳಲ್ಲಿ ಮೊಳಕೆ. ಎದುರಿಗೇ ಮಳೆಗಾಲವಿರುವಾಗ ಕಾಯುವುದೇಕೆ?

ಇದಕ್ಕಿಂತ ವಿಚಿತ್ರ ಫೈರ್ ಲಿಲಿ, ಸಿರ್ಟಾಂಥಸ್ ವೆಂಟ್ರಿಕೋಸಸ್. ಬೆಂಕಿ ಬೀಳದಿದ್ದರೆ ವರ್ಷಗಟ್ಟಲೆ ಹೂಬಿಡದೆ ಮಣ್ಣಿನಡಿ ಸುಮ್ಮನಿರುತ್ತದೆ. ಗುಡ್ಡ ಸುಟ್ಟ ಎರಡು ವಾರದೊಳಗೆ ಕರಿಬೂದಿಯ ನಡುವೆ ಕೆಂಪು ಹೂಗಳು ತಲೆ ತಗ್ಗಿಸಿ ನಿಂತಿರುತ್ತವೆ. ಅದನ್ನು ಎಬ್ಬಿಸುವುದು ಬೆಂಕಿಯ ಕಾವಲ್ಲ, ಹೊಗೆ. ಪೊದೆಗಳೆಲ್ಲ ಉರಿದುಹೋಗಿ ಬಿಸಿಲು ನೆಲ ಮುಟ್ಟುವಾಗ ಬೀಜ ಬಿದ್ದರೆ ಬೆಳೆಯಲು ಜಾಗವಿದೆ ಎಂಬುದೇ ಇದರ ಹೂಟ. ಪರಾಗಸ್ಪರ್ಶಕ್ಕೆ ಬರುವುದು ಮೌಂಟನ್ ಪ್ರೈಡ್ ಎಂಬ ದೊಡ್ಡ ಕಂದು ಚಿಟ್ಟೆ. ಕೆಂಪು ಕಂಡರೆ ಅದು ಬಿಡುವುದಿಲ್ಲ. ಟೇಬಲ್ ಮೌಂಟನ್ ಏರುವಾಗ ನನ್ನ ಕೆಂಪು ಟೋಪಿಯನ್ನೂ ಸುತ್ತಿ ನೋಡಿ ಹೋಗಿದೆ.

ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇಂಥ ಎಷ್ಟೋ ಗಿಡಗಳು ಲಿಲಿ ಕುಟುಂಬದಲ್ಲೇ ಇದ್ದವು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಮನೆ ಪಾಲಾಯಿತು. ಲೋಳೆಸರ ಒಂದು ಕಡೆ ಹೋಯಿತು. ನೀಲಿ ಹೂವಿನ ಅಗಪಾಂಥಸ್ ಇನ್ನೊಂದು ಕಡೆ, ನಮ್ಮ ಈರುಳ್ಳಿ, ಬೆಳ್ಳುಳ್ಳಿಗಳ ಕುಟುಂಬಕ್ಕೆ. ನಂಬಿಕೆ ಬಾರದಿದ್ದರೆ ಅದೇ ಬಳಗದ ಟುಲ್ಬಾಗಿಯಾದ ಎಲೆ ಹೊಸಕಿ ಮೂಸಬೇಕು: ತಿಳಿನೇರಳೆ ಹೂವಿನ ಚೆಲುವೆ, ಆದರೆ ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿಯದೇ ವಾಸನೆ. ಚರಂಡಿ ಬದಿಯಲ್ಲಿ ಬೆಳೆಯುವ ಬಿಳಿಯ ಆರಮ್ ಲಿಲಿಯಂತೂ ಲಿಲಿಯ ನೆಂಟನೇ ಅಲ್ಲ, ನಮ್ಮ ಕೆಸುವಿನ ದಾಯಾದಿ. ಅದೇ ನಾಲಿಗೆ ತುರಿಕೆ ಇದರಲ್ಲೂ ಇದೆ.

ಕಚೇರಿಯ ಜಿಂಬಾಬ್ವೆಯ ಗೆಳತಿಗೆ ನಮ್ಮೂರ ಗೌರಿ ಹಬ್ಬದ ಫೋಟೊ ತೋರಿಸಿದಾಗ, ಪೂಜೆಗಿಟ್ಟ ಗೌರಿ ಹೂವನ್ನು ನೋಡಿ ಅವಳು ಹೌಹಾರಿದಳು. ಅದು ಅವರ ರಾಷ್ಟ್ರೀಯ ಪುಷ್ಪ! ಎಲೆಯ ತುದಿಯೇ ಬಳ್ಳಿಕುಡಿಯಾಗಿ ಬೇಲಿ ಹಿಡಿಯುವ, ಎಸಳು ಹಿಂದಕ್ಕೆ ಬಾಗಿ ಜ್ವಾಲೆಯಂತೆ ಕಾಣುವ ಗ್ಲೋರಿಯೋಸಾ ಸುಪರ್ಬಾ ಆಫ್ರಿಕಾದಲ್ಲೂ ಮಲೆನಾಡಿನಲ್ಲೂ ಕಾಡುಗಿಡವೇ. 1947ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ ಅಲ್ಲಿನ ಶಾಲಾ ಮಕ್ಕಳು ಕೊಟ್ಟ ವಜ್ರದ ಬ್ರೂಚ್ ಇದೇ ಹೂವಿನ ಆಕಾರದ್ದು. ಗಡ್ಡೆ ಮಾತ್ರ ಕಡುವಿಷ. ಇದನ್ನು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

ಊರಿಗೆ ಬರುವಾಗ ಮಾರ್ಚ್ ಲಿಲಿಯ ಗಡ್ಡೆ ತಾ ಎಂದು ಅತ್ತಿಗೆ ಕೇಳುತ್ತಲೇ ಇರುತ್ತಾರೆ. ಪರವಾನಗಿ, ತಪಾಸಣೆಯ ರಗಳೆ ಒತ್ತಟ್ಟಿಗಿರಲಿ, ಬೇಸಿಗೆಯಲ್ಲಿ ಒಣಗಿ ಮಲಗಬೇಕಾದ ಆ ಗಡ್ಡೆ ತೀರ್ಥಹಳ್ಳಿಯ ಜುಲೈ ಮಳೆಗೆ ಕೊಳೆತೇಹೋಗುತ್ತದೆ. ಕ್ಲೈವಿಯಾ ಆದರೆ ಬೇರೆ ಮಾತು: ಬೇಸಿಗೆಯಲ್ಲೇ ಮಳೆಯಾಗುವ, ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಕಾಡಿನ ನೆರಳಿನ ಹೂಗಿಡವದು. ನರ್ಸರಿಯಲ್ಲಿ ಅದು ಸಿಕ್ಕರೆ ನೀರು ನಿಲ್ಲದ ಕಡೆ, ತೋಟದ ನೆರಳಿನಲ್ಲಿ ನೆಟ್ಟು ನೋಡಿ ಎಂದಿದ್ದೇನೆ.