ಸೂಜಿಮೆಣಸಿನ ಕೊಯ್ಲು

ಮಳೆ ಹೊಳವಾದ ಮೇಲಿನ ಮೊದಲ ಭಾನುವಾರ ಅತ್ತೆಯೂ ನಾನೂ ಹಿತ್ತಲಿಗಿಳಿದೆವು. ಮೂಡಿಗೆರೆ ಕಡೆ ಸೂಜಿಮೆಣಸನ್ನು ಕೈಯಾರೆ ನೆಟ್ಟವರು ಕಡಿಮೆ. ನಮ್ಮ ಬೇಲಿಯ ಗಿಡಗಳೆಲ್ಲ ಪಿಕಳಾರದ ಕೃಪೆ. ನಮ್ಮ ಬಾಯಿ ಉರಿಸುವ ಕ್ಯಾಪ್ಸೈಸಿನ್ ಹಕ್ಕಿಗೆ ತಾಗುವುದಿಲ್ಲ. ಹಣ್ಣು ನುಂಗಿ, ಬೇಲಿ ಮೇಲೆ ಕೂತು ಹಿಕ್ಕೆ ಹಾಕಿದರೆ ಅಲ್ಲೇ ಸಸಿ. ನರ್ಸರಿಯಿಂದ ತಂದ ಉದ್ದಮೆಣಸಿಗೆ ಈ ಗಟ್ಟಿತನವಿಲ್ಲ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ಅದರ ಕುಂಡಗಳನ್ನು ಜೂನ್‌ನಿಂದಲೇ ಸೂರಿನಡಿ ಇಟ್ಟಿದ್ದೆವು.

ಕೊಯ್ಯುವ ವಿಷಯದಲ್ಲಿ ನಮ್ಮಿಬ್ಬರದು ಬೇರೆ ಬೇರೆ ಪಕ್ಷ. ನನಗೆ ಗಿಡದ ತುಂಬ ಕೆಂಪು ಕಾಣಬೇಕು. ಅತ್ತೆ ಹಸಿರಿದ್ದಾಗಲೇ ಕೀಳುವವರು. "ಹಣ್ಣಾಗೋಕೆ ಬಿಟ್ರೆ ಗಿಡಕ್ಕೆ ಹೆರಿಗೆ ಮುಗೀತು ಅನ್ಸುತ್ತೆ ಕಣೇ, ಮತ್ತ್ಯಾಕೆ ಹೂ ಬಿಡುತ್ತೆ?" ಮಾತು ಒರಟು, ಆದರೆ ವಿಷಯ ನಿಜ. ಬೀಜ ಬಲಿಯುತ್ತಿದ್ದಂತೆ ಗಿಡ ಹೊಸ ಹೂ ಕಡಿಮೆ ಮಾಡುತ್ತದೆ. ಕೊಯ್ಯುತ್ತಲೇ ಇದ್ದರೆ ಬಿಡುತ್ತಲೇ ಇರುತ್ತದೆ.

ಸೂರಿನಡಿಯ ಒಂದು ಗಿಡದ ಎಲೆ ಮುದುಡಿತ್ತು. ಅತ್ತೆ ಕಿತ್ತೆಸೆಯಲು ಬುಡಕ್ಕೇ ಕೈ ಹಾಕಿದರು. ತಡೆದು, ತುದಿ ಕೊಂಬೆಯನ್ನು ಬಿಳಿ ಕಾಗದದ ಮೇಲೆ ಕೊಡವಿದೆ. ಸಣ್ಣ ಹಳದಿ ಗೆರೆಗಳು ಓಡಾಡಿದವು: ಎಲೆಯ ರಸ ಹೀರುವ ಥ್ರಿಪ್ಸ್ ಹುಳು. ಎಲೆಯಂಚು ಮೇಲಕ್ಕೆ ಮಡಚಿದರೆ ಇವು, ಕೆಳಕ್ಕೆ ಬಾಗಿದರೆ ನುಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ, ಬಿಸಿಲಿಳಿದ ಮೇಲೆ ಎಲೆಯಡಿಗೂ ಸಿಂಪಡಿಸಿದೆವು. ಮುದುಡಿದ ಎಲೆ ಮತ್ತೆ ನೆಟ್ಟಗಾಗದು, ಹೊಸ ಚಿಗುರು ನೋಡಿಯೇ ಗುಣ ಹೇಳಬೇಕು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯವರು, "ಒಂದು ಹಿಡಿ ಯೂರಿಯಾ ಹಾಕಿ, ಹೇಗೆ ಬರುತ್ತೆ ನೋಡಿ" ಎಂದರು. ಬರುವುದು ಸೊಪ್ಪು! ಯೂರಿಯಾದ ಸಾರಜನಕ ಹೆಚ್ಚಾದ ಮೆಣಸಿನ ಗಿಡ ಆಳೆತ್ತರ ಬೆಳೆದು ಹೂವನ್ನೇ ಮರೆಯುತ್ತದೆ. ನಮ್ಮದು ಹಳೇ ಕೊಟ್ಟಿಗೆ ಗೊಬ್ಬರ, ಮೇಲೊಂದಿಷ್ಟು ಒಲೆ ಬೂದಿ. ಅವರಿಗೆ ನಕ್ಕು, "ನೋಡ್ತೀವಿ" ಎಂದರು ಅತ್ತೆ.

ಒಂದು ಮೊರ ಕಾಯಿಯ ತೊಟ್ಟು ಬಿಡಿಸುವಷ್ಟರಲ್ಲಿ ಬೆರಳೆಲ್ಲ ಭಗಭಗ. ನೀರಿನಲ್ಲಿ ತೊಳೆದಷ್ಟೂ ಉರಿ. ಖಾರ ಕರಗುವುದು ಎಣ್ಣೆಯಲ್ಲಿ. ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಾಗ ಒಳಗಿಂದ ಅತ್ತೆ ಕೇಳಿದರು, "ಚಟ್ನಿಗೆ ಎಷ್ಟು ಹಾಕ್ಲೇ?" ನಾಲ್ಕು ಸಾಕು ಅಂದೆ. ಒರಳಿಗೆ ಬಿದ್ದದ್ದು ಒಂದು ಹಿಡಿ.