ಆ ವಯಸ್ಸಾದವರನ್ನು ಕಂಡರೆ ಪಾಪ ಅನ್ನಿಸಲ್ವಾ?

ಇಲ್ಲ. ಅನ್ನಿಸಲ್ಲ. ಇಷ್ಟೇ ಬೇಕಿದ್ದವರು ಇಲ್ಲಿಗೆ ನಿಲ್ಲಿಸಬಹುದು.

ಲಾಸ್ ಏಂಜಲೀಸ್‌ನಲ್ಲಿ ಕೆಲವು ವರ್ಷ ನಾನು ಸೈಂಟಾಲಜಿ ಅನ್ನುವ ಪಂಥದಲ್ಲಿದ್ದೆ, ಆಮೇಲೆ ಹೋಗುವುದು ನಿಲ್ಲಿಸಿದೆ. ಇದು ಗೊತ್ತಾದಾಗಿನಿಂದ ಯುಗಾದಿ ಊಟದ ಸಾಲಿನಲ್ಲಿ ನನಗೆ ಒಬ್ಬಟ್ಟಿಗಿಂತ ಮೊದಲು ಬಡಿಸುವುದು ಈ ಪ್ರಶ್ನೆ. "ನೀವು ಬುದ್ಧಿವಂತರು, ಹೊರಗೆ ಬಂದ್ರಿ. ಐವತ್ತು ವರ್ಷದಿಂದ ಅಲ್ಲೇ ಇದಾರಲ್ಲ ಮುದುಕರು, ಪಾಪ..." ಉತ್ತರವನ್ನೂ ಅವರೇ ತಂದಿರುತ್ತಾರೆ. ನಾನು ತಲೆ ಆಡಿಸಿದರೆ ಆಯಿತು. ಬುದ್ಧಿವಂತನಾಗಿದ್ದರೆ ಒಳಗೆ ಯಾಕೆ ಹೋಗ್ತಿದ್ದೆ ಸ್ವಾಮಿ?

ಅಲ್ಲಿ ಓದುವುದು ಜೋಡಿಯಾಗಿ. ಜೊತೆಗಾರರಿಗೆ ಟ್ವಿನ್ ಅನ್ನುತ್ತಾರೆ. 2007ರಲ್ಲಿ, ಪಂಥ ಕಟ್ಟಿದ ಎಲ್. ರಾನ್ ಹಬ್ಬರ್ಡ್ ಅವರ ಮೂಲ ಪುಸ್ತಕಗಳನ್ನೆಲ್ಲ ತಿದ್ದಿ ಮತ್ತೆ ಪ್ರಕಟಿಸಿದರು. ಹಳಬರೂ ಮೊದಲ ಪುಟದಿಂದ ಓದಲು ಕೂತರು. ಹಾಗೆ ನನ್ನ ಪಾಲಿಗೆ ಬಂದ ಟ್ವಿನ್‌ಗೆ ಎಪ್ಪತ್ತು ದಾಟಿತ್ತು. ಸೇರಿದ್ದು ಎಪ್ಪತ್ತರ ದಶಕದಲ್ಲಿ.

ಅಲ್ಲಿನ ನಿಯಮ ಏನೆಂದರೆ, ಓದುತ್ತಾ ಆಕಳಿಕೆ ಬಂದರೆ ನೀವು ಯಾವುದೋ ಪದವನ್ನು ಅರ್ಥವಾಗದೆ ದಾಟಿ ಬಂದಿದ್ದೀರಿ. ಹಿಂದೆ ಹೋಗಿ ಹುಡುಕಬೇಕು. ನಾನು ಆಕಳಿಸಿದ ಕೂಡಲೇ ಅವರು ದಪ್ಪ ಡಿಕ್ಷನರಿ ನನ್ನ ಕಡೆ ನೂಕುತ್ತಿದ್ದರು. ಬೆರಳ ಗೆಣ್ಣುಗಳು ಊದಿರುತ್ತಿದ್ದವು. ಒಂದು ಸಂಜೆ ಪೂರ್ತಿ 'ಆಫ್' (of) ಅನ್ನುವ ಪದದ ಮೇಲೆ ಕೂರಿಸಿದರು. ಅದರ ಒಂದೊಂದು ಅರ್ಥಕ್ಕೂ ನಾನೇ ವಾಕ್ಯ ಮಾಡಬೇಕು. ಹಾಸನದಲ್ಲಿ ಓದಿ ಬಂದ ನನ್ನ ಇಂಗ್ಲಿಷಿಗೆ ಅಷ್ಟು ತಾಳ್ಮೆಯಿಂದ ಕೂತವರು ಬೇರೆ ಯಾರೂ ಇಲ್ಲ.

ಜೇಡಿಮಣ್ಣಿನಲ್ಲಿ ಮಾಡಿ ತೋರಿಸುವ ಪಾಠವೂ ಇತ್ತು. ಕಣ್ಣಿಗೆ ಕಾಣದ ಯೋಚನೆಗೆ, ಅರ್ಥಕ್ಕೆ ತೆಳು ಅಂಚಿನ ಒಂದು ಉಂಗುರ, ನಡುವೆ ದೊಡ್ಡ ತೂತು. ಥೇಟ್ ಕೋಡುಬಳೆ. ನಾನು ಹಾಗಂದೆ. "ಲೇಬಲ್ ಅಂಟಿಸು" ಅಂದರು. ಮುಂದಿನ ವಾರ ನಿಜವಾದ ಕೋಡುಬಳೆ ಒಯ್ದೆ. ನಾಲ್ಕು ತಿಂದರು.

1986ರ ಜನವರಿ 24ರಂದು ಹಬ್ಬರ್ಡ್ ತೀರಿಕೊಂಡರು. ಮೂರು ದಿನದ ಮೇಲೆ ಹಾಲಿವುಡ್ ಪ್ಯಾಲೇಡಿಯಂನಲ್ಲಿ ಜನರನ್ನು ಸೇರಿಸಿ, ಅವರು ಸಂಶೋಧನೆ ಮುಂದುವರಿಸಲು ದೇಹ ಬಿಟ್ಟಿದ್ದಾರೆ ಎಂದು ತಿಳಿಸಿದರು. ನನ್ನ ಟ್ವಿನ್ ಆ ಸಭೆಯಲ್ಲಿದ್ದರು. ಇದನ್ನು ಹೇಳಿದರೆ ನಮ್ಮವರು ನಗುತ್ತಾರೆ. ನಮ್ಮ ಸ್ವಾಮಿಗಳು ಮಾತ್ರ ಯಾವತ್ತಾದರೂ ಸತ್ತಿದ್ದಾರಾ? ಬೃಂದಾವನಸ್ಥರಾಗುತ್ತಾರೆ, ಲಿಂಗೈಕ್ಯರಾಗುತ್ತಾರೆ. ಹೋಲಿಕೆ ಪೂರ್ತಿ ಸರಿಯಿಲ್ಲ, ಗೊತ್ತು. ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾ ಮನಸ್ಸು ಕೆದಕುವ ಅಲ್ಲಿನ ಸಾಧನೆಗೆ ಆಡಿಟಿಂಗ್ ಅನ್ನುತ್ತಾರೆ, ಅದನ್ನು 12.5 ಗಂಟೆಯ ಕಟ್ಟು ಮಾಡಿ ಮಾರುತ್ತಾರೆ. ನಮ್ಮಜ್ಜಿಯ ಏಕಾದಶಿಗೆ ಯಾರೂ ಬಿಲ್ ಕೊಡುತ್ತಿರಲಿಲ್ಲ.

ಸಿಟ್ಟು ಇದೆಯಾ ಅಂತ ಕೇಳಿ, ಇದೆ. ನನ್ನನ್ನು ಅಲ್ಲಿ ಹಿಡಿದಿಟ್ಟಿದ್ದು ಪುಸ್ತಕವಲ್ಲ, ಆಡಿಟಿಂಗ್‌ನಲ್ಲಿ ಎರಡು ಡಬ್ಬಿ ಹಿಡಿದು ಕೂರುವ ಇ-ಮೀಟರ್ ಅನ್ನುವ ಯಂತ್ರವೂ ಅಲ್ಲ. ಇಂಥ ಒಳ್ಳೆಯವರು ಇಷ್ಟು ವರ್ಷ ಇದ್ದಾರೆ ಅಂದಮೇಲೆ ಇದರಲ್ಲಿ ಏನೋ ಇರಬೇಕು ಅಂದುಕೊಂಡೆ. ಅವರು ಸ್ವಲ್ಪ ಕೆಟ್ಟವರಾಗಿದ್ದರೆ ನಾನು ಎರಡು ವರ್ಷ ಮೊದಲೇ ಮನೆಗೆ ಬಂದಿರುತ್ತಿದ್ದೆ.

ನಿಜಕ್ಕೂ ಕೇಳಬೇಕಾದ್ದು ಬೇರೆ. ಅವರಿಗೆ ನನ್ನನ್ನು ಕಂಡರೆ ಏನನ್ನಿಸುತ್ತೆ? ಇದನ್ನು ಒಬ್ಬರೂ ಕೇಳಿಲ್ಲ. ಬಿಟ್ಟು ಹೋದವನು ಏನೋ ತಪ್ಪು ಮಾಡಿ ಮುಚ್ಚಿಟ್ಟಿರುತ್ತಾನೆ, ಇಲ್ಲವೇ ಯಾವುದೋ ಪದ ಅರ್ಥವಾಗದೆ ಎದ್ದು ಹೋಗಿರುತ್ತಾನೆ. ಅಲ್ಲಿ ಕಲಿಸುವುದು ಹೀಗೆ. ಅಂದರೆ ನೀವು ಅವರಿಗೆ ಅನ್ನುವ ಪಾಪವನ್ನು ಅವರು ನನಗೆ ಅನ್ನುತ್ತಿರುತ್ತಾರೆ.

ಹೋದ ವರ್ಷ ಅಂಗಡಿಯಲ್ಲಿ ಬಿಲ್ ಹಾಕಿಸಲು ಸಾಲಿನಲ್ಲಿ ನಿಂತಿದ್ದೆ. ಆಫೀಸಿನಿಂದ ಸುಸ್ತಾಗಿ ಬಂದಿದ್ದೆ, ಬಾಯಿ ತುಂಬ ಆಕಳಿಕೆ ಬಂತು. ಹಿಂದಿನಿಂದ ಒಂದು ದನಿ, "ಯಾವ ಪದ?"

ತಿರುಗಿದೆ. ಅವರೇ. ನಾನು ನಕ್ಕೆ. ಅವರು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು.