8051 ಅಸೆಂಬ್ಲಿ: 22 ಬೈಟಿನ ಒಂದು ಪ್ರೋಗ್ರಾಂ ಪೂರ್ತಿ ಅರ್ಥ ಮಾಡಿಕೊಳ್ಳಿ

ಅಸೆಂಬ್ಲಿ, ಅಂದರೆ ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನೇ ಒಂದೊಂದಾಗಿ ಬರೆಯುವ ಭಾಷೆ, ಕಲಿಯಲು ಹೊರಟ ಬಹಳಷ್ಟು ಜನ ಎಲ್‌ಸಿಡಿ, ಸ್ಟೆಪ್ಪರ್ ಮೋಟರ್, ಟ್ರಾಫಿಕ್ ಲೈಟ್ ಅಂತ ಸಿಕ್ಕ ಪ್ರೋಗ್ರಾಂಗಳನ್ನೆಲ್ಲ ಟೈಪ್ ಮಾಡುತ್ತಾ ಹೋಗುತ್ತಾರೆ. ಓಡಿದರೆ ಖುಷಿ. ಓಡದಿದ್ದರೆ ಎಲ್ಲಿ ಕೈಕೊಟ್ಟಿತು ಅಂತ ಹುಡುಕುವ ದಾರಿಯೇ ಗೊತ್ತಿರುವುದಿಲ್ಲ. ಒಂದೇ ಒಂದು ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಹಿಡಿದು, ಅದರ ಪ್ರತಿ ಬೈಟ್ ಯಾಕಿದೆ, ಪ್ರತಿ ಸಾಲಿಗೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ ಕೂತರೆ ಹತ್ತು ಪ್ರಯೋಗ ಕಾಪಿ ಮಾಡಿದ್ದಕ್ಕಿಂತ ಹೆಚ್ಚು ಕಲಿಯಬಹುದು.

ಇಂಟೆಲ್ 1980ರಲ್ಲಿ ತಂದ 8051 ಮೈಕ್ರೋಕಂಟ್ರೋಲರ್ (ಪ್ರೊಸೆಸರ್, ಮೆಮೊರಿ ಎಲ್ಲ ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಇನ್‌ಸ್ಟ್ರಕ್ಷನ್‌ಗಳು ಒಟ್ಟು 111, ಒಂದೊಂದೂ ಹೆಚ್ಚೆಂದರೆ ಮೂರು ಬೈಟ್. ನಮ್ಮ ಡಿಪ್ಲೊಮಾ, ಇಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಕಲಿಸಿದ ಚಿಪ್ ಆದ್ದರಿಂದ ಕೇಳಿದರೆ ಹೇಳುವವರೂ ಸಿಗುತ್ತಾರೆ.

ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಾಗಲಿ, ಬರೀ "8051 ಐಸಿ ಕೊಡಿ" ಅನ್ನಬೇಡಿ. 8051 ಕುಟುಂಬದ ಎಟಿ89ಎಸ್52 ಅಂತಲೇ ಕೇಳಿ, ನಡುವಿನ "ಎಸ್" ಅಕ್ಷರ ನೋಡಿ ತೆಗೆದುಕೊಳ್ಳಿ. "ಸಿ" ಇರುವ ಎಟಿ89ಸಿ51ಕ್ಕೆ ಪ್ರೋಗ್ರಾಂ ಹಾಕಲು 12 ವೋಲ್ಟ್ ಕೊಡುವ ಬೇರೆಯೇ ಪ್ರೋಗ್ರಾಮರ್ ಬೇಕು. ಎಸ್52 ಅನ್ನು ಬ್ರೆಡ್‌ಬೋರ್ಡ್‌ನಲ್ಲೇ ಬಿಟ್ಟು ಯುಎಸ್‌ಬಿಎಎಸ್‌ಪಿ ಎಂಬ ಅಗ್ಗದ ಪ್ರೋಗ್ರಾಮರ್‌ನಿಂದ ಬರೆಯಬಹುದು.

ವೈರಿಂಗ್ ಹೀಗೆ. 40ನೇ ಪಿನ್‌ಗೆ 5 ವೋಲ್ಟ್, 20ನೇ ಪಿನ್‌ಗೆ ಗ್ರೌಂಡ್, ಇವೆರಡರ ನಡುವೆ 104 ಅಂತ ಬರೆದಿರುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. 18 ಮತ್ತು 19ನೇ ಪಿನ್‌ಗಳ ನಡುವೆ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್, ಅದರ ಎರಡೂ ಕಾಲಿನಿಂದ ಗ್ರೌಂಡ್‌ಗೆ 33 ಪಿಕೋಫ್ಯಾರಡ್. ರಿಸೆಟ್ 9ನೇ ಪಿನ್: 5 ವೋಲ್ಟ್‌ನಿಂದ 10 ಮೈಕ್ರೋಫ್ಯಾರಡ್, ಗ್ರೌಂಡ್‌ಗೆ 10 ಕಿಲೋಓಮ್. ಪ್ರೋಗ್ರಾಮರ್‌ನ ಮೋಸಿ (ಚಿಪ್‌ಗೆ ಡೇಟಾ ಕಳಿಸುವ ತಂತಿ) 6ನೇ ಪಿನ್‌ಗೆ, ಮಿಸೊ (ಚಿಪ್‌ನಿಂದ ಡೇಟಾ ತರುವ ತಂತಿ) 7ಕ್ಕೆ, ಕ್ಲಾಕ್ 8ಕ್ಕೆ, ರಿಸೆಟ್ 9ಕ್ಕೆ. ಕ್ರಿಸ್ಟಲ್ ಓಡದೆ ಚಿಪ್ ಪ್ರೋಗ್ರಾಮರ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಪ್ರೋಗ್ರಾಮರ್‌ನ ಕ್ಲಾಕ್ ಕ್ರಿಸ್ಟಲ್ ವೇಗದ ಹದಿನಾರನೇ ಒಂದು ಭಾಗಕ್ಕಿಂತ, ಅಂದರೆ ಇಲ್ಲಿ ಸುಮಾರು 690 ಕಿಲೋಹರ್ಟ್ಸ್‌ಗಿಂತ ಕಡಿಮೆ ಇರಬೇಕು. ಚಿಪ್ ಸಿಗುತ್ತಿಲ್ಲ ಅಂತ ಸಂದೇಶ ಬಂದರೆ ಮೊದಲು ಇವೆರಡನ್ನು ನೋಡಿ.

31ನೇ ಪಿನ್ ಮರೆಯಬೇಡಿ. ಅದನ್ನು 5 ವೋಲ್ಟ್‌ಗೆ ಕಟ್ಟದಿದ್ದರೆ ಚಿಪ್ ತನ್ನೊಳಗಿನ ಪ್ರೋಗ್ರಾಂ ಬಿಟ್ಟು ಹೊರಗೆ ಇಲ್ಲದ ಮೆಮೊರಿಯನ್ನು ಓದಲು ಹೋಗುತ್ತದೆ. ಬೆರಳು ತಾಗಿಸಿದಾಗ ಮಾತ್ರ ಸರಿಯಾಗಿ ಓಡುವ ಬೋರ್ಡ್ ಕಂಡರೆ ಕಾರಣ ಹೆಚ್ಚಾಗಿ ಇದೇ.

ಎಲ್‌ಇಡಿಯನ್ನು 5 ವೋಲ್ಟ್‌ನಿಂದ 1 ಕಿಲೋಓಮ್ ಮೂಲಕ ತಂದು, ಅದರ ಗಿಡ್ಡ ಕಾಲನ್ನು 1ನೇ ಪಿನ್‌ಗೆ, ಅಂದರೆ ಪಿ1.0ಕ್ಕೆ ಕೊಡಿ. ಪಿನ್ ಸೊನ್ನೆಯಾದಾಗ ದೀಪ ಹತ್ತುತ್ತದೆ. ಉಲ್ಟಾ ಜೋಡಿಸಿದರೆ ದೀಪ ಕಾಣುವುದೇ ಕಷ್ಟ, ಯಾಕೆಂದರೆ ಈ ಪೋರ್ಟ್ ಹೊರಗೆ ಕೊಡುವ ಕರೆಂಟ್ ಮೈಕ್ರೋಆಂಪ್ ಲೆಕ್ಕದ್ದು. ಒಳಗೆ ಎಳೆದುಕೊಳ್ಳುವುದು ಪಿನ್ ಒಂದಕ್ಕೆ ಹೆಚ್ಚೆಂದರೆ 10 ಮಿಲಿಆಂಪ್, ಆದರೆ ಪೋರ್ಟ್ 1ರ ಎಂಟೂ ಪಿನ್ ಸೇರಿ 15 ಮಾತ್ರ. ಮುಂದೆ ಎಂಟು ಎಲ್‌ಇಡಿ ಹಾಕುವುದಾದರೆ 2.2 ಕಿಲೋಓಮ್ ಬಳಸಿ.

ಈಗ ಪ್ರೋಗ್ರಾಂ. ಎಡಗಡೆ ವಿಳಾಸ, ನಡುವೆ ಬೈಟ್‌ಗಳು, ಬಲಗಡೆ ನಾವು ಬರೆಯುವ ಸಾಲು. ಅಸೆಂಬ್ಲರ್ (ನಮ್ಮ ಸಾಲುಗಳನ್ನು ಬೈಟ್‌ಗಳಾಗಿಸುವ ಸಾಫ್ಟ್‌ವೇರ್) ಕೊಡುವ ಲಿಸ್ಟಿಂಗ್ ಫೈಲ್ ಇದೇ ಥರ ಇರುತ್ತದೆ. ವಿಳಾಸ, ಬೈಟ್ ಎಲ್ಲ ಹೆಕ್ಸ್‌ನಲ್ಲಿವೆ, ಅಂದರೆ ಹದಿನಾರರ ಲೆಕ್ಕ, ಹತ್ತರಿಂದ ಹದಿನೈದಕ್ಕೆ ಎಯಿಂದ ಎಫ್. ಎಲ್‌ಜಂಪ್, ಎಸ್‌ಜಂಪ್ ಹೇಳಿದ ಲೇಬಲ್‌ಗೆ ಹಾರುತ್ತವೆ, ಸಿಪಿಎಲ್ ಪಿನ್ ಅನ್ನು ಉಲ್ಟಾ ಮಾಡುತ್ತದೆ, ಎಕಾಲ್ ಒಂದು ರೂಟೀನ್ ಕರೆಯುತ್ತದೆ, ರೆಟ್ ಅಲ್ಲಿಂದ ಮರಳುತ್ತದೆ. ಮೂವ್ ರಿಜಿಸ್ಟರ್‌ಗೆ (ಆರ್5, ಆರ್6, ಆರ್7 ಎಂಬ ಚಿಪ್ ಒಳಗಿನ ಒಂದು ಬೈಟಿನ ಜಾಗಗಳು) ಸಂಖ್ಯೆ ತುಂಬುತ್ತದೆ. ಡಿಜೆಎನ್‌ಝಡ್ ಅದರಿಂದ ಒಂದು ಕಳೆದು, ಸೊನ್ನೆಯಾಗದಿದ್ದರೆ ಲೇಬಲ್‌ಗೆ ಹಾರುತ್ತದೆ.

0000 : 02 00 30 : ಎಲ್‌ಜಂಪ್ ಶುರು
0030 : ಬಿ2 90 : ಶುರು: ಸಿಪಿಎಲ್ ಪಿ1.0
0032 : 11 36 : ಎಕಾಲ್ ತಡ
0034 : 80 ಎಫ್‌ಎ : ಎಸ್‌ಜಂಪ್ ಶುರು
0036 : 7ಎಫ್ 05 : ತಡ: ಮೂವ್ ಆರ್7, #5
0038 : 7ಇ ಸಿ8 : ಹೊರ: ಮೂವ್ ಆರ್6, #200
003ಎ : 7ಡಿ ಇ5 : ಒಳ: ಮೂವ್ ಆರ್5, #229
003ಸಿ : ಡಿಡಿ ಎಫ್‌ಇ : ಇಲ್ಲೇ: ಡಿಜೆಎನ್‌ಝಡ್ ಆರ್5, ಇಲ್ಲೇ
003ಇ : ಡಿಇ ಎಫ್‌ಎ : ಡಿಜೆಎನ್‌ಝಡ್ ಆರ್6, ಒಳ
0040 : ಡಿಎಫ್ ಎಫ್‌6 : ಡಿಜೆಎನ್‌ಝಡ್ ಆರ್7, ಹೊರ
0042 : 22 : ರೆಟ್

ಶುರುವಿಗೆ 0030 ಯಾಕೆ? 0003ರಿಂದ ಮುಂದಿನ ಜಾಗ ಇಂಟರಪ್ಟ್‌ಗಳಿಗೆ (ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ರೂಟೀನ್‌ಗಳಿಗೆ) ಮೀಸಲು. 0034ರಲ್ಲಿರುವ ಎಫ್‌ಎ ನೋಡಿ. ಆ ಸಾಲು ಓದಿ ಮುಗಿಯುವಾಗ ಪ್ರೋಗ್ರಾಂ ಕೌಂಟರ್ (ಮುಂದೆ ಓದಬೇಕಾದ ವಿಳಾಸ ಹಿಡಿದಿಡುವ ರಿಜಿಸ್ಟರ್) 0036ರಲ್ಲಿರುತ್ತದೆ, ಹೋಗಬೇಕಾದದ್ದು 0030ಕ್ಕೆ, ಆರು ಹಿಂದೆ. ಒಂದು ಬೈಟ್‌ನಲ್ಲಿ ಮೈನಸ್ ಆರು ಅಂದರೆ 256 - 6 = 250, ಹೆಕ್ಸ್‌ನಲ್ಲಿ ಎಫ್‌ಎ. ಈ ದೂರಕ್ಕೆ ಇರುವುದು ಒಂದೇ ಬೈಟ್, ಹಾಗಾಗಿ 128 ಹಿಂದೆ, 127 ಮುಂದೆ ಅಷ್ಟೇ ಮಿತಿ. ಪ್ರೋಗ್ರಾಂ ಬೆಳೆದಾಗ ಬರುವ "ರೇಂಜ್ ಮೀರಿದೆ" ಎಂಬ ಎರರ್‌ನ ಮೂಲ ಇಲ್ಲಿದೆ.

ಇನ್ನು ಹೊತ್ತಿನ ಲೆಕ್ಕ. ಈ ಚಿಪ್‌ನಲ್ಲಿ ಒಂದು ಮಷಿನ್ ಸೈಕಲ್ ಅಂದರೆ 12 ಕ್ಲಾಕ್. 11.0592 ಮೆಗಾಹರ್ಟ್ಸ್ ಅನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ 9,21,600 ಸೈಕಲ್. ಮೂವ್‌ಗೆ ಒಂದು, ಡಿಜೆಎನ್‌ಝಡ್‌ಗೆ ಎರಡು. ಒಳಗಿನ ಸುತ್ತು 1 + 458 (229 × 2) + 2 = 461. ಅದು 200 ಸಲ, ಜೊತೆಗೆ ಆರ್6ರ ಮೂವ್, ಆರ್7ರ ಡಿಜೆಎನ್‌ಝಡ್ ಸೇರಿ 3: 92,203. ಅದು 5 ಸಲ, ಕರೆಯುವುದು, ಮರಳುವುದು, ಮೊದಲ ಮೂವ್ ಸೇರಿ ಇನ್ನೊಂದು 5: 4,61,020 ಸೈಕಲ್. ಅಂದರೆ 0.5002 ಸೆಕೆಂಡ್. ಈ ಲೆಕ್ಕವನ್ನು ಕೈಯಲ್ಲೇ ಹಾಕಿ. ಆಮೇಲೆ ಎಡ್‌ಸಿಮ್51 ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಕ್ಲಾಕ್ 11.0592 ಇಟ್ಟು ತಾಳೆ ನೋಡಿ.

ಎಲ್‌ಇಡಿ ಒಮ್ಮೆ ಹತ್ತಿ ಹಾಗೇ ನಿಂತುಬಿಟ್ಟರೆ ಲೇಬಲ್ ನೋಡಿ. ಕೊನೆಯ ಡಿಜೆಎನ್‌ಝಡ್ "ಹೊರ"ದ ಬದಲು "ತಡ"ಕ್ಕೆ ಹಾರುತ್ತಿದ್ದರೆ ಆರ್7ಗೆ ಪ್ರತಿ ಸಲವೂ 5 ತುಂಬುತ್ತದೆ, ಸೊನ್ನೆ ಆಗುವುದೇ ಇಲ್ಲ. ಇನ್ನೊಂದು, # ಚಿಹ್ನೆ. ಮೂವ್ ಎ, #25ಎಚ್ ಅಂದರೆ 25 ಎಂಬ ಹೆಕ್ಸ್ ಸಂಖ್ಯೆ (ಎಚ್ ಅದರ ಗುರುತು), ಬೈಟ್ 74 25. # ಬಿಟ್ಟರೆ 25ನೇ ವಿಳಾಸದಲ್ಲಿ ಏನಿದೆಯೋ ಅದು, ಬೈಟ್ ಇ5 25. ಎರಡೂ ಸರಿಯಾದ ಇನ್‌ಸ್ಟ್ರಕ್ಷನ್‌ಗಳೇ, ಅದಕ್ಕೇ ಅಸೆಂಬ್ಲರ್ ಚಕಾರ ಎತ್ತುವುದಿಲ್ಲ. ಲಿಸ್ಟಿಂಗ್ ಓದುವ ಅಭ್ಯಾಸ ಇದ್ದವರ ಕಣ್ಣಿಗೆ ಮಾತ್ರ ಬೀಳುವ ತಪ್ಪು ಇದು.

ಸಿಮ್ಯುಲೇಟರ್‌ನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಎಕಾಲ್ ದಾಟಿದಾಗ ರ್‍ಯಾಮ್ ನೋಡಿ: 08ರಲ್ಲಿ 34, 09ರಲ್ಲಿ 00 ಬಂದಿರುತ್ತದೆ. ಮರಳಬೇಕಾದ ವಿಳಾಸ 0034. ಹೀಗೆ ಮರಳುವ ವಿಳಾಸ ಇಡುವ ಜಾಗವೇ ಸ್ಟ್ಯಾಕ್, ಅದರ ತುದಿ ತೋರಿಸುವುದು ಸ್ಟ್ಯಾಕ್ ಪಾಯಿಂಟರ್. ರಿಸೆಟ್ ಆದಾಗ ಸ್ಟ್ಯಾಕ್ ಪಾಯಿಂಟರ್ 07ರಲ್ಲಿರುವುದರಿಂದ ಸ್ಟ್ಯಾಕ್ 08ರಿಂದ ಬೆಳೆಯುತ್ತದೆ, ಆದರೆ ಅದು ಎರಡನೇ ರಿಜಿಸ್ಟರ್ ಬ್ಯಾಂಕಿನ (ಆರ್0ರಿಂದ ಆರ್7ರ ಇನ್ನೊಂದು ಗುಂಪಿನ) ಜಾಗವೂ ಹೌದು. ಆ ಬ್ಯಾಂಕ್ ಬಳಸುವ ದಿನ ಬಂದರೆ ಸ್ಟ್ಯಾಕ್ ಪಾಯಿಂಟರ್‌ಗೆ ಮೊದಲೇ 60ಎಚ್ ಹಾಕಿಡಿ.

ಇಷ್ಟು ಗಟ್ಟಿಯಾದ ಮೇಲೆ ಅದೇ ಎಲ್‌ಇಡಿಯನ್ನು ಟೈಮರ್ 0ರಿಂದ ಮಿನುಗಿಸಿ. ಅದು ತಾನಾಗಿ ಸೈಕಲ್ ಎಣಿಸುತ್ತಾ 65,536 ಮುಟ್ಟಿದಾಗ ಇಂಟರಪ್ಟ್ ಕೊಡುವ ಚಿಪ್ ಒಳಗಿನ ಕೌಂಟರ್. 50 ಮಿಲಿಸೆಕೆಂಡಿಗೆ 46,080 ಸೈಕಲ್; 65,536ರಿಂದ ಕಳೆದರೆ 19,456, ಅಂದರೆ 4ಸಿ00. ಕೆಳಗಿನ ಬೈಟ್ ಸೊನ್ನೆಯಾದ್ದರಿಂದ ಇಂಟರಪ್ಟ್‌ನಲ್ಲಿ ಮೇಲಿನ ಬೈಟ್‌ಗೆ 4ಸಿ ತುಂಬಿದರೆ ಸಾಕು. ಅಷ್ಟರಲ್ಲಿ ಓಡಿದ ಸೈಕಲ್‌ಗಳೂ ಲೆಕ್ಕದಲ್ಲೇ ಉಳಿಯುತ್ತವೆ. ಹತ್ತು ಸಲಕ್ಕೊಮ್ಮೆ ಪಿನ್ ಬದಲಿಸಿ. ಈ ರೂಟೀನ್‌ಗೆ 10 ಬೈಟ್ ಬೇಕು, ಟೈಮರ್ 0ರ ಇಂಟರಪ್ಟ್ ವಿಳಾಸವಾದ 000ಬಿಯಿಂದ ಮುಂದಿನ ಇಂಟರಪ್ಟ್ ಇರುವ 0013ರವರೆಗೆ ಸಿಗುವುದು ಎಂಟೇ ಬೈಟ್. ಆದ್ದರಿಂದ ಅಲ್ಲಿ ಒಂದು ಎಲ್‌ಜಂಪ್ ಮಾತ್ರ ಇಟ್ಟು, ಉಳಿದದ್ದನ್ನು 0030ರ ಆಚೆ ಬರೆಯಿರಿ. ಕೊನೆಗೆ ರೆಟ್ ಅಲ್ಲ, ರೆಟಿಐ. ರೆಟ್ ಹಾಕಿದರೆ ಇಂಟರಪ್ಟ್ ಇನ್ನೂ ನಡೆಯುತ್ತಿದೆ ಅಂತಲೇ ಚಿಪ್ ತಿಳಿದಿರುತ್ತದೆ. ಎರಡನೆಯದು ಬರುವುದೇ ಇಲ್ಲ, ಎಣಿಕೆ ಹತ್ತು ಮುಟ್ಟುವುದಿಲ್ಲ, ಎಲ್‌ಇಡಿ ಆರಿಯೇ ಇರುತ್ತದೆ.